ಮಕ್ಕಳನ್ನು ತೂಗುವ ನಗರ

ಆಮ್‌ಸ್ಟರ್‌ಡಾಮ್ ನಗರದ ನಡುವೆ ನ್ಯೂಮಾರ್ಕ್ಟ್ ಎಂಬ ಸಂತೆಬಯಲಿದೆ. ದಪ್ಪ ಗೋಪುರಗಳೂ ಚೂಪಾದ ಚಾವಣಿಗಳೂ ಕೂಡಿದ ಹಳೆಯ ಕಟ್ಟಡವೊಂದು ಅಲ್ಲಿ ನಿಂತಿದೆ. ನೋಡಿದವರಿಗೆ ಕೋಟೆಯೊಂದರ ತುಂಡು ದಾರಿತಪ್ಪಿ ಪೇಟೆಗೆ ಬಂದು ಕುಳಿತಂತೆ ತೋರುತ್ತದೆ. ಅದು ನಿಜವೂ ಹೌದು. 1488ರಲ್ಲಿ ಅದು ನಗರದ ಕೋಟೆಬಾಗಿಲಾಗಿತ್ತು. ಊರು ಬೆಳೆದು, ಗೋಡೆ ಇಲ್ಲವಾದ ಮೇಲೆ, 1617ರಲ್ಲಿ ಅದನ್ನು ತೂಕದ ಮನೆಯನ್ನಾಗಿ ಮಾರ್ಪಡಿಸಿದರು. ಅಂದಿನಿಂದ ಅದರ ಹೆಸರು ‘ವಾಖ್’, ಎಂದರೆ ತಕ್ಕಡಿಮನೆ. ವರ್ತಕನ ಮಾತನ್ನು ನಂಬದೆ, ಕೊಳ್ಳುವವನ ಮಾತನ್ನೂ ನಂಬದೆ, ನಗರಸಭೆಯ ತಕ್ಕಡಿ ಏನು ಹೇಳುತ್ತದೆಯೋ ಅದೇ ನಿಜವೆಂದು ಒಪ್ಪಿಕೊಳ್ಳುವ ಪದ್ಧತಿ ಆ ಮನೆಯಲ್ಲಿ ನಡೆಯಿತು. ಮಹಡಿಯ ಮೇಲೆ ಶಸ್ತ್ರವೈದ್ಯರ ಸಂಘವಿತ್ತು. ರೆಂಬ್ರಾಂಟ್ 1632ರಲ್ಲಿ ಬರೆದ, ಡಾಕ್ಟರ್ ಟುಲ್ಪ್ ಅವರ ಅಂಗರಚನಾ ಪಾಠದ ಲೋಕಪ್ರಸಿದ್ಧ ಚಿತ್ರ ಆ ಸಂಘಕ್ಕಾಗಿಯೇ ಸಿದ್ಧವಾದುದು. ಕೆಳಗೆ ಸರಕಿನ ತೂಕ, ಮೇಲೆ ಶರೀರದ ಶೋಧನೆ. ಒಂದೇ ಮಾಡಿನ ಕೆಳಗೆ ಇವೆರಡೂ ನಡೆದ ಊರಿದು.

ಡಚ್ಚರಿಗೆ ತಕ್ಕಡಿಯ ಮೇಲಿರುವ ವಿಶ್ವಾಸ ಸಾಮಾನ್ಯವಾದುದಲ್ಲ. ಉಟ್ರೆಕ್ಟ್ ಮತ್ತು ಖೌಡಾ ನಗರಗಳ ನಡುವೆ ಔದೆವಾಟರ್ ಎಂಬ ಪುಟ್ಟ ಊರಿದೆ. ಯೂರೋಪಿನಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಸುಡುತ್ತಿದ್ದ ಕಾಲದಲ್ಲಿ, ಅಪವಾದ ಹೊತ್ತವರು ದೂರದೂರದಿಂದ ಈ ಊರಿನ ತಕ್ಕಡಿಮನೆಗೆ ಬರುತ್ತಿದ್ದರು. ಗಾಳಿಯಲ್ಲಿ ಹಾರಬೇಕಾದರೆ ಮಾಟಗಾತಿ ಹಗುರವಾಗಿರಬೇಕಷ್ಟೆ! ಇಲ್ಲಿನ ಅಧಿಕಾರಿಗಳು ಅವರನ್ನು ತೂಗಿ, ಮೈಕಟ್ಟಿಗೆ ತಕ್ಕ ತೂಕವಿದೆಯೆಂದು ಮೊಹರು ಹಾಕಿದ ಪತ್ರವನ್ನು ಕೊಟ್ಟು ಕಳುಹಿಸುತ್ತಿದ್ದರು. ಆ ಪತ್ರದಿಂದ ಜೀವ ಉಳಿಯುತ್ತಿತ್ತು. ತಕ್ಕಡಿಯೊಂದು ಮನುಷ್ಯರನ್ನು ಕಾಯಲು ನಿಂತ ಪ್ರಸಂಗಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ.

ಈಗ ಆಮ್‌ಸ್ಟರ್‌ಡಾಮ್ ತೂಗುತ್ತಿರುವುದು ಮಕ್ಕಳನ್ನು. ಕೂಸು ಹುಟ್ಟಿದ ಕೆಲವೇ ವಾರಗಳಲ್ಲಿ ತಾಯಿ ಅದನ್ನು ಬಡಾವಣೆಯ ಶಿಶು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುತ್ತಾಳೆ. ಅಲ್ಲಿಂದ ಮುಂದೆ ಶಾಲೆಯ ವಯಸ್ಸಿನಲ್ಲಿಯೂ, ಐದರ ಸುಮಾರಿಗೆ, ಹತ್ತರ ಸುಮಾರಿಗೆ, ಪ್ರೌಢಶಾಲೆಗೆ ಸೇರಿದ ಮೇಲೆ, ಎತ್ತರ ತೂಕಗಳ ಅಳತೆ ನಡೆಯುತ್ತದೆ. ಇಡೀ ದೇಶದ ಮಕ್ಕಳು ಹೇಗೆ ಬೆಳೆಯುತ್ತಿದ್ದಾರೆಂಬುದನ್ನು ಡಚ್ಚರು 1955ರಲ್ಲಿ ದೊಡ್ಡ ಪ್ರಮಾಣದಲ್ಲಿ ಅಳೆದು ನೋಡಿದರು. 1965, 1980, 1997, 2009ರಲ್ಲಿ ಮತ್ತೆ ಮತ್ತೆ ಅಳೆದರು. ಮೊದಲ ಅಳತೆಗಳಲ್ಲಿ ಅವರು ಹೆಮ್ಮೆಪಟ್ಟಿದ್ದು ಮಕ್ಕಳ ಎತ್ತರ ಏರುತ್ತಿರುವುದಕ್ಕೆ. ಕಡೆಯ ಎರಡು ಅಳತೆಗಳಲ್ಲಿ ಅವರನ್ನು ಕಾಡಿದ್ದು ಅಡ್ಡ ಬೆಳವಣಿಗೆ.

ಕೂಸು ದಪ್ಪವೋ ಅಲ್ಲವೋ ಎಂದು ಹೇಳುವುದು ಅಜ್ಜಿಯರು ಎಣಿಸುವಷ್ಟು ಸುಲಭವಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಸೂತ್ರವನ್ನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಬೆಲ್ಜಿಯಮ್ಮಿನ ಗಣಿತಜ್ಞ ಕೆತೆಲೆ ಕಂಡುಹಿಡಿದಿದ್ದನು. ಅದಕ್ಕೆ ಬಿ.ಎಂ.ಐ. ಎಂಬ ಈಗಿನ ಹೆಸರು ಬಂದುದು 1972ರಲ್ಲಿ. ಬೆಳೆದವರಿಗೆ 25 ಎಂಬ ಒಂದೇ ಗೆರೆ ಸಾಕು. ಮಕ್ಕಳಿಗಾದರೋ ಅದು ನಡೆಯದು. ಮೊದಲ ವರ್ಷ ಉಬ್ಬಿ, ಐದಾರು ವರ್ಷದ ಹೊತ್ತಿಗೆ ಸಪೂರವಾಗಿ, ಮತ್ತೆ ತುಂಬಿಕೊಳ್ಳುವುದು ಬಾಲ್ಯದ ಸಹಜ ಕ್ರಮ. ಆದುದರಿಂದ ಪ್ರತಿ ವಯಸ್ಸಿಗೂ, ಗಂಡು ಹೆಣ್ಣುಗಳಿಗೆ ಬೇರೆ ಬೇರೆಯಾಗಿಯೂ ಗೆರೆ ಬೇಕು. ಆ ಗೆರೆಗಳನ್ನು 2000ದಲ್ಲಿ ಎಳೆದಾಗ ಬ್ರೆಜಿಲ್, ಬ್ರಿಟನ್, ಹಾಂಗ್‌ಕಾಂಗ್, ನೆದರ್ಲೆಂಡ್ಸ್, ಸಿಂಗಪುರ, ಅಮೆರಿಕ ಎಂಬ ಆರು ನಾಡುಗಳ ಮಕ್ಕಳ ಅಂಕಿಗಳನ್ನು ಒಂದೆಡೆ ಕೂಡಿಸಬೇಕಾಯಿತು. ತಮ್ಮ ತಮ್ಮ ಬೀರುವಿನಲ್ಲಿ ಬೀಗ ಹಾಕಿಟ್ಟುಕೊಂಡಿದ್ದರೆ ಯಾವ ನಾಡಿಗೂ ಆ ಗೆರೆ ದೊರೆಯುತ್ತಿರಲಿಲ್ಲ.

ಅಂಕಿಗಳು ದಶಕಗಳ ಆಚೆಗೆ ಬಾಯಿಬಿಡುವ ರೀತಿಗೆ ಈ ನಗರದಲ್ಲಿಯೇ ಒಂದು ಭಯಂಕರವಾದ ನಿದರ್ಶನವುಂಟು. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಪಶ್ಚಿಮ ಹಾಲೆಂಡಿಗೆ ಆಹಾರ ಬರುವ ದಾರಿಯನ್ನು ಮುಚ್ಚಿತು. ಒಬ್ಬನ ದಿನದ ಪಡಿತರ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಜನ ಟ್ಯುಲಿಪ್ ಹೂವಿನ ಗಡ್ಡೆಗಳನ್ನು ಬೇಯಿಸಿ ತಿಂದರು. ಸೌದೆಗಾಗಿ ಮನೆಯ ಮೆಟ್ಟಿಲುಗಳನ್ನೇ ಕಿತ್ತರು. ಆ ಹಸಿವಿನಲ್ಲಿ ಬಸುರಿಯರಾಗಿದ್ದವರ ಮಕ್ಕಳು ಹುಟ್ಟಿ, ಬೆಳೆದು, ಹತ್ತೊಂಬತ್ತನೆಯ ವಯಸ್ಸಿಗೆ ಸೈನ್ಯದ ತಪಾಸಣೆಗೆ ನಿಂತರು. ಸುಮಾರು ಮೂರು ಲಕ್ಷ ತರುಣರ ಆ ಸೈನ್ಯದ ಕಡತಗಳನ್ನು ಸಂಶೋಧಕರು ತಿರುವಿ ನೋಡಿ 1976ರಲ್ಲಿ ಪ್ರಕಟಿಸಿದ ಸಂಗತಿ ವೈದ್ಯಲೋಕವನ್ನು ಬೆರಗುಗೊಳಿಸಿತು. ಗರ್ಭದ ಮೊದಲ ತಿಂಗಳುಗಳಲ್ಲಿ ಹಸಿವನ್ನು ಕಂಡವರಲ್ಲಿ ಬೊಜ್ಜು ಹೆಚ್ಚಾಗಿತ್ತು! ಹುಟ್ಟುವುದಕ್ಕೆ ಮೊದಲೇ ಬರಗಾಲವನ್ನು ಕಲಿತ ದೇಹ, ಸುಗ್ಗಿಯ ಕಾಲದಲ್ಲಿಯೂ ಕೂಡಿಡುವುದನ್ನು ಬಿಡಲಿಲ್ಲವೇನೋ.

ಇದೇ ಜಾಡು ಮೈಸೂರಿಗೂ ಬಂದು ಮುಟ್ಟಿತೆಂಬುದು ಕನ್ನಡಿಗರಲ್ಲಿ ಎಷ್ಟು ಮಂದಿಗೆ ಗೊತ್ತು? ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಎಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕವನ್ನು ಪುಸ್ತಕದಲ್ಲಿ ಬರೆದಿಡುತ್ತ ಬಂದಿತ್ತು. ಹಾಗೆ ಹುಟ್ಟಿದವರನ್ನು ದಶಕಗಳ ಬಳಿಕ ಹುಡುಕಿ, ಹೃದಯವನ್ನು ಪರೀಕ್ಷಿಸಿ, ಹುಟ್ಟುವಾಗ ಕಡಮೆ ತೂಕವಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಮೈಸೂರಿನ ವೈದ್ಯರೂ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಕೂಡಿ ತೋರಿಸಿದರು. ಹೆರಿಗೆ ಕೋಣೆಯಲ್ಲಿ ದಾದಿಯೊಬ್ಬಳು ಬರೆದಿಟ್ಟ ಸಾಲು, ಅವಳು ಊಹಿಸಲಾರದ ಕೆಲಸಕ್ಕೆ ಬಂದಿತು.

ನ್ಯೂಮಾರ್ಕ್ಟಿನ ತಕ್ಕಡಿಮನೆಯ ಬಳಿಯೇ ಭೂಗತ ರೈಲಿನ ನಿಲ್ದಾಣವಿದೆ. ಈ ರೈಲುದಾರಿಗಾಗಿ ಹಳೆಯ ಮನೆಗಳನ್ನು ಕೆಡವಿದಾಗ, 1975ರಲ್ಲಿ, ಇಲ್ಲಿ ದೊಡ್ಡ ಗಲಭೆಯೇ ನಡೆಯಿತು. ಇಲ್ಲಿ ರೈಲು ಹತ್ತಿದವರು ಸ್ವಲ್ಪ ಹೊತ್ತಿನಲ್ಲಿಯೇ ನಗರದ ಆಗ್ನೇಯದ ಬೈಲ್ಮರ್ ಬಡಾವಣೆಯಲ್ಲಿ ಇಳಿಯುತ್ತಾರೆ. ಕಾಲುವೆ, ಸೇತುವೆ, ಕೆಂಪಿಟ್ಟಿಗೆಯ ಸಣ್ಣ ಸಣ್ಣ ಮನೆಗಳ ಆಮ್‌ಸ್ಟರ್‌ಡಾಮ್ ಹಿಂದುಳಿಯುತ್ತದೆ. ಮೊದಲ ನಿವಾಸಿಗಳು 1968ರಲ್ಲಿ ಬಂದಾಗ ಇದು ನಾಳಿನ ನಗರವೆಂಬ ಹೊಗಳಿಕೆ ಪಡೆದಿತ್ತು. ಜೇನುಹುಟ್ಟಿನ ಆಕಾರದಲ್ಲಿ ಬಾಗಿ ನಿಂತ ಹತ್ತಂತಸ್ತಿನ ಕಟ್ಟಡಗಳು, ನಡುವೆ ವಿಶಾಲವಾದ ಹಸುರು. ಡಚ್ ಮಧ್ಯಮವರ್ಗದವರು ಮಾತ್ರ ಅಲ್ಲಿಗೆ ಬರಲೊಲ್ಲದೆ ಹೋದರು. 1975ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್ ಸ್ವತಂತ್ರವಾದಾಗ ಆ ನಾಡಿನಿಂದ ಹೊರಟುಬಂದವರು ಬರಿದಾದ ಮನೆಗಳನ್ನು ತುಂಬಿದರು. ಆಮೇಲೆ ಘಾನಾದವರು, ಆಂಟಿಲೀಸ್ ದ್ವೀಪದವರು ಬಂದರು. ಕಟ್ಟಡಗಳಲ್ಲಿ ಹಲವನ್ನು ಈಗ ಕೆಡವಿ ತಗ್ಗಿನ ಮನೆಗಳನ್ನು ಕಟ್ಟಿದ್ದಾರೆ.

ಸುರಿನಾಮಿನಿಂದ ಬಂದವರಲ್ಲಿ ಭಾರತದ ಮೂಲದವರೂ ಉಂಟು. 1873ರ ಜೂನ್ 5ರಂದು ‘ಲಾಲ್ಲಾ ರೂಕ್’ ಎಂಬ ಹಡಗು ಕಬ್ಬಿನ ತೋಟಗಳಿಗೆ ಕರಾರುಕೂಲಿಗಳ ಮೊದಲ ತಂಡವನ್ನು ಅಲ್ಲಿ ಇಳಿಸಿತು. 1916ರವರೆಗೆ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಹೋದರು. ಅವರ ಮರಿಮಕ್ಕಳು ನೆದರ್ಲೆಂಡ್ಸಿಗೆ ಬಂದು, ಹೇಗ್ ನಗರದಲ್ಲಿ ವಿಶೇಷವಾಗಿ ನೆಲಸಿದರು. ಈ ಮಕ್ಕಳ ವಿಷಯದಲ್ಲಿ ಮೇಲೆ ಹೇಳಿದ ಆರು ನಾಡುಗಳ ಗೆರೆ ತಪ್ಪುತ್ತಿತ್ತು. ಭಾರತೀಯರ ಮೈ ನೋಡಲು ಸಣ್ಣ, ಒಳಗೆ ಕೊಬ್ಬು ಹೆಚ್ಚು. ಹೀಗಾಗಿ ಆರೋಗ್ಯವಂತ ಮಗು ‘ತೀರ ಬಡಕಲು’ ಎಂಬ ಪಟ್ಟಿಗೂ, ನಿಜವಾಗಿ ಎಚ್ಚರಿಸಬೇಕಾದ ಮಗು ‘ಸರಿ’ ಎಂಬ ಪಟ್ಟಿಗೂ ಸೇರುತ್ತಿತ್ತು. 1970ರ ದಶಕದ ನಡುವೆ, ಬೊಜ್ಜಿನ ಪಿಡುಗು ಹಬ್ಬುವ ಮೊದಲು, ಹುಟ್ಟಿದ ದಕ್ಷಿಣ ಏಷ್ಯಾ ಮೂಲದ ಮಕ್ಕಳ ಹಳೆಯ ದಾಖಲೆಗಳನ್ನು ಹೆಕ್ಕಿ ತೆಗೆದು, ಅವರಿಗೇ ಹೊಂದುವ ಬೇರೆ ಗೆರೆಗಳನ್ನು ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಆದರೆ ಇದಕ್ಕೆ ಮಗುವಿನ ಕುಲಮೂಲವೇನೆಂದು ಕಡತದಲ್ಲಿ ಬರೆಯಬೇಕಾಗುತ್ತದೆ. ಈ ಊರಿನಲ್ಲಿ ಅದು ಸಣ್ಣ ಮಾತಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ.

2012ರಲ್ಲಿ ನಗರದ ಆರೋಗ್ಯ ಇಲಾಖೆ ಲೆಕ್ಕ ಹಾಕಿದಾಗ ನೂರರಲ್ಲಿ 21 ಮಕ್ಕಳ ತೂಕ ಮಿತಿ ಮೀರಿತ್ತು. ಕೇವಲ ಸರಾಸರಿಯನ್ನು ನೋಡಿದ್ದರೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಅಳತೆಯ ಅಂಕಿಗಳನ್ನು ಬಡಾವಣೆವಾರು ವಿಂಗಡಿಸಿ ನಕ್ಷೆಯ ಮೇಲೆ ಹರಡಿದಾಗ ಸಂಗತಿ ಕಣ್ಣಿಗೆ ಹೊಡೆಯಿತು. ಕಾಲುವೆಗಳ ಸಿರಿವಂತ ಕೇಂದ್ರದಲ್ಲಿ ತೊಂದರೆ ಕಡಮೆ. ಬೈಲ್ಮರ್ ಇರುವ ಆಗ್ನೇಯದಲ್ಲಿ, ಟರ್ಕಿ ಮೊರಾಕೊಗಳಿಂದ ಬಂದ ಕುಟುಂಬಗಳು ಹೆಚ್ಚಾಗಿರುವ ಪಶ್ಚಿಮದ ಹೊಸ ಬಡಾವಣೆಗಳಲ್ಲಿ, ನದಿಯಾಚೆಯ ಉತ್ತರದ ಕೆಲವು ಕೇರಿಗಳಲ್ಲಿ ತೊಂದರೆ ಹೆಚ್ಚು. ಬೊಜ್ಜು ಸಿರಿವಂತರ ಕಾಯಿಲೆಯೆಂಬುದು ಕನ್ನಡ ನಾಡಿನಲ್ಲಿ ಇನ್ನೂ ಕೇಳಿಬರುವ ಮಾತು. ಇಲ್ಲಿ ಅದು ಬಡವರ ಮನೆಯ ಪಾಡು. ಎರಡೆರಡು ಪಾಳಿ ದುಡಿದು ಬರುವ ತಾಯಿಗೆ ಅಡಿಗೆಯ ಹೊತ್ತಿಲ್ಲ. ಕರಿದ ಆಲೂಗಡ್ಡೆ ಎದುರಿನ ಅಂಗಡಿಯಲ್ಲಿದೆ, ಸೋವಿಯಾಗಿಯೂ ಇದೆ.

ನಗರಸಭೆಯ ಆರೋಗ್ಯ ಖಾತೆಯನ್ನು ಆಗ ನೋಡಿಕೊಳ್ಳುತ್ತಿದ್ದವರು ಎರಿಕ್ ಫಾನ್ ಡೆರ್ ಬುರ್ಖ್. ಸರ್ಕಾರ ಜನರ ಮನೆವಾರ್ತೆಗೆ ಕೈಹಾಕಬಾರದೆನ್ನುವ ಉದಾರವಾದಿ ಪಕ್ಷದವರು ಅವರು. ಅಂಥವರೇ ಮಕ್ಕಳ ತಟ್ಟೆಗೆ ಕೈಹಾಕಲು ಮುಂದಾದುದು ಸ್ವಾರಸ್ಯ. 2033ರ ಹೊತ್ತಿಗೆ ನಗರದ ಎಲ್ಲ ಮಕ್ಕಳೂ ಆರೋಗ್ಯಕರ ತೂಕದಲ್ಲಿರಬೇಕೆಂಬ ಗುರಿಯನ್ನು ಹಾಕಿಕೊಂಡು, ಇದನ್ನು ಮ್ಯಾರಥಾನ್ ಓಟವೆಂದು ಕರೆದರು. ಚುನಾವಣೆಯಿಂದ ಚುನಾವಣೆಗೆ ಉಸಿರುಬಿಡುವ ರಾಜಕಾರಣದಲ್ಲಿ ಇಪ್ಪತ್ತು ವರ್ಷಗಳ ಮಾತನ್ನಾಡುವುದಕ್ಕೆ ಧೈರ್ಯ ಬೇಕು.

ಏನು ಮಾಡಿದರು? ಕೇಳಿದರೆ ನಗು ಬರುವಷ್ಟು ಸಣ್ಣ ಸಣ್ಣ ಕೆಲಸಗಳು. ಕಾರ್ಯಕ್ರಮಕ್ಕೆ ಸೇರಿದ ಶಾಲೆಗಳಿಗೆ ಮಕ್ಕಳು ಹಣ್ಣಿನ ರಸದ ಡಬ್ಬಿಗಳನ್ನು ತರುವಂತಿಲ್ಲ. ನೀರು, ಇಲ್ಲವೆ ಹಾಲು. ಕೆಲವು ತಾಯ್ತಂದೆಯರು ಇದಕ್ಕೆ ಸಿಡಿಮಿಡಿಗೊಂಡರು. ಹುಟ್ಟುಹಬ್ಬದ ದಿನ ಮಗು ತರಗತಿಗೆಲ್ಲ ಸಿಹಿ ಹಂಚುವುದು ಡಚ್ಚರ ಹಳೆಯ ರೂಢಿ. ಮೂವತ್ತು ಮಕ್ಕಳ ತರಗತಿಯಲ್ಲಿ ವರ್ಷಕ್ಕೆ ಮೂವತ್ತು ಔತಣ! ಅದರ ಬದಲು ಹಣ್ಣಿನ ಚೂರುಗಳನ್ನು ಕಡ್ಡಿಗೆ ಪೋಣಿಸಿ ತರಬೇಕೆಂದರು. ಕುಡಿಯುವ ನೀರಿನ ನಲ್ಲಿಗಳು ಆಟದ ಬಯಲುಗಳಿಗೆ ಬಂದವು. ಬಡಾವಣೆಗಳಲ್ಲಿ ತಾಯಂದಿರಿಗೆ ಅವರವರ ನಾಡಿನ ಅಡಿಗೆಯನ್ನೇ ಕಡಮೆ ಎಣ್ಣೆಯಲ್ಲಿ ಮಾಡುವ ಪಾಠಗಳು ನಡೆದವು. ಊಟ, ಆಟಗಳ ಜೊತೆಗೆ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿದರು. 2018ರಿಂದ, ಮಕ್ಕಳನ್ನು ಸೆಳೆಯುವ ಕೆಟ್ಟ ತಿನಿಸುಗಳ ಜಾಹೀರಾತು ಭೂಗತ ರೈಲಿನ ನಿಲ್ದಾಣಗಳಿಂದ ಮಾಯವಾಯಿತು. ತೂಕ ಬಹಳ ಮೀರಿದ ಮಗುವಿಗೆ ಒಬ್ಬ ದಾದಿಯನ್ನು ಗೊತ್ತುಮಾಡಿದರು. ಅವಳು ಮಗುವಿನ ಮನೆಯ ಸಾಲ, ತಾಯಿಯ ಕೆಲಸ, ಮಲಗುವ ಕೋಣೆಯ ಇಕ್ಕಟ್ಟು, ಎಲ್ಲವನ್ನೂ ವಿಚಾರಿಸುತ್ತಾಳೆ. ಬೊಜ್ಜಿನ ಬೇರು ಅಡಿಗೆಮನೆಯಲ್ಲಿ ಮಾತ್ರವಿಲ್ಲವೆಂಬುದನ್ನು ಈ ದಾದಿಯರು ದೊಡ್ಡ ದೊಡ್ಡ ತಜ್ಞರಿಗಿಂತ ಚೆನ್ನಾಗಿ ಬಲ್ಲರು.

ಇದೆಲ್ಲದರ ಹಿಂದೆ ಸದ್ದಿಲ್ಲದೆ ನಡೆಯುವುದು ಅಂಕಿಗಳ ಕೆಲಸ. ಕಾಗದದ ಕಡತ ಹೋಗಿ 2010ರ ಸುಮಾರಿನಿಂದ ಪ್ರತಿ ಮಗುವಿನ ಆರೋಗ್ಯದ ಕಡತ ಗಣಕಯಂತ್ರದಲ್ಲಿದೆ. ಮಗು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋದರೆ ಅದರ ಬೆಳವಣಿಗೆಯ ಗೆರೆಯೂ ಹಿಂದೆಯೇ ಹೋಗುತ್ತದೆ. ಹೆಸರುಗಳನ್ನು ಕಳಚಿ, ಬಡಾವಣೆಯ ಮೊತ್ತವಾಗಿ ಮಾಡಿದ ಅಂಕಿ ಮಾತ್ರ ನಕ್ಷೆಗೆ ಏರುತ್ತದೆ. ಯಾವ ಕೇರಿಗೆ ದಾದಿ ಬೇಕು, ಎಲ್ಲಿ ನಲ್ಲಿ ಬೇಕು ಎಂಬುದನ್ನು ಗುರುತಿಸಲು ಅಷ್ಟು ಸಾಕು. ಇದಕ್ಕಿಂತ ಮುಂದೆ ಹೋದ ಪ್ರಯತ್ನವೂ ಯೂರೋಪಿನಲ್ಲಿ ನಡೆಯಿತು. 2016ರಿಂದ ಕೆಲವು ವರ್ಷ ಗ್ರೀಸಿನ ಥೆಸ್ಸಲೊನೀಕಿಯ ವಿಶ್ವವಿದ್ಯಾಲಯದ ಮುಂದಾಳುತನದಲ್ಲಿ ‘ಬಿಗ್-ಓ’ ಎಂಬ ಯೋಜನೆ ಗ್ರೀಸ್, ಸ್ವೀಡನ್, ಐರ್ಲೆಂಡುಗಳ ಮಕ್ಕಳಿಗೆ ಮೊಬೈಲ್ ಫೋನ್, ಕೈಗಡಿಯಾರಗಳ ಮೂಲಕವೇ ಲೆಕ್ಕ ಕೇಳಿತು. ಎಷ್ಟು ಹೆಜ್ಜೆ ನಡೆದರು, ಆಟದ ಬಯಲಿಗೆ ಹೋದರೋ ತಿಂಡಿಯಂಗಡಿಗೆ ಹೋದರೋ, ಏನು ತಿಂದರು ಎಂಬುದಕ್ಕೆ ಚಿತ್ರಗಳು. ಯಾವ ಮಗು ಎಂಬುದನ್ನು ಮರೆಸಿ, ಯಾವ ಪ್ರದೇಶ ಎಂಬುದನ್ನು ಮಾತ್ರ ಉಳಿಸಿಕೊಳ್ಳುವುದು ಅದರ ಕ್ರಮವಾಗಿತ್ತು. ಒಳ್ಳೆಯ ಕ್ರಮವೇ. ಆದರೂ ಹತ್ತು ವರ್ಷದ ಹುಡುಗನ ಮಣಿಕಟ್ಟಿನಲ್ಲಿ ಕುಳಿತು ಅವನ ಹೆಜ್ಜೆ ಎಣಿಸುವ ಯಂತ್ರವನ್ನು ನೆನೆದಾಗ ಮನಸ್ಸು ಸ್ವಲ್ಪ ಹಿಂಜರಿಯುವುದು ಸಹಜ.

ಹಿಂಜರಿಕೆಯ ಕಾರಣ ತಿಳಿಯಬೇಕಾದರೆ ಬೈಲ್ಮರಿನಿಂದ ಹಿಂದಿರುಗುವಾಗ ವಾಟರ್‌ಲೋಪ್ಲೇನ್ ನಿಲ್ದಾಣದಲ್ಲಿಳಿದು, ಪ್ಲಾಂತಾಜ್ ಕೆರ್ಕ್‌ಲಾನ್ ಎಂಬ ಮರಗಳ ಬೀದಿಗೆ ನಡೆಯಬೇಕು. ಪಕ್ಕದಲ್ಲಿ ಪ್ರಾಣಿಸಂಗ್ರಹಾಲಯ, ಮಕ್ಕಳ ಗುಂಪು ಸದಾ ಗಿಜಿಗುಡುತ್ತಿರುತ್ತದೆ. 36ನೆಯ ನಂಬರಿನ ಕಟ್ಟಡದ ಮೇಲೊಂದು ಸ್ಮಾರಕ ಫಲಕವಿದೆ. ಯುದ್ಧದ ಕಾಲದಲ್ಲಿ ಇದು ನಗರದ ಜನನೋಂದಣಿ ಕಚೇರಿ. ಎಷ್ಟೋ ವರ್ಷಗಳಿಂದ ಡಚ್ ಗುಮಾಸ್ತರು ಅಚ್ಚುಕಟ್ಟಾಗಿ, ಯಾವ ದುರುದ್ದೇಶವೂ ಇಲ್ಲದೆ, ಪ್ರತಿ ನಿವಾಸಿಯ ಹೆಸರು, ವಿಳಾಸ, ಧರ್ಮಗಳನ್ನು ಕಾರ್ಡುಗಳಲ್ಲಿ ಬರೆದಿಟ್ಟಿದ್ದರು. ನಾಜಿಗಳು ಬಂದಾಗ ಯೆಹೂದ್ಯರನ್ನು ಹುಡುಕುವ ಶ್ರಮವೇ ಅವರಿಗಿರಲಿಲ್ಲ; ಪಟ್ಟಿ ಸಿದ್ಧವಾಗಿತ್ತು. 1943ರ ಮಾರ್ಚ್ 27ರ ರಾತ್ರಿ ಚಿತ್ರಕಾರ ವಿಲ್ಲೆಮ್ ಅರೊಂಡೇಯುಸ್, ಶಿಲ್ಪಿ ಗೆರಿಟ್ ಫಾನ್ ಡೆರ್ ಫೇನ್ ಮತ್ತು ಸಂಗಡಿಗರು ಪೊಲೀಸರ ವೇಷದಲ್ಲಿ ಒಳನುಗ್ಗಿ, ಕಾವಲುಗಾರರಿಗೆ ಚುಚ್ಚುಮದ್ದಿನಿಂದ ನಿದ್ದೆ ಬರಿಸಿ, ಕಾರ್ಡುಗಳನ್ನು ನೆಲದ ಮೇಲೆ ಸುರಿದು ಸಿಡಿಮದ್ದಿಟ್ಟರು. ಬೆಂಕಿ ಆರಿಸಲು ಬಂದವರು ಬೇಕೆಂದೇ ತಡಮಾಡಿ, ಬೇಕಾದುದಕ್ಕಿಂತ ಹೆಚ್ಚು ನೀರು ಸುರಿದರೆಂದು ಊರವರು ಹೇಳುತ್ತಾರೆ. ಇಷ್ಟಾದರೂ ಸುಮಾರು ಎಂಟು ಲಕ್ಷ ಕಾರ್ಡುಗಳಲ್ಲಿ ನಾಶವಾದುದು ನೂರಕ್ಕೆ ಹದಿನೈದರಷ್ಟು ಮಾತ್ರ. ಹನ್ನೆರಡು ಮಂದಿಯನ್ನು ಆ ವರ್ಷದ ಜುಲೈ 1ರಂದು ಗುಂಡಿಟ್ಟು ಕೊಂದರು. ನೆದರ್ಲೆಂಡ್ಸಿನ ಯೆಹೂದ್ಯರಲ್ಲಿ ಲಕ್ಷಕ್ಕೂ ಹೆಚ್ಚು ಜನ ಹತರಾದರು.

ಈ ಬೀದಿಯನ್ನು ಕಂಡವರಿಗೆ, 2011ರಲ್ಲಿ ದೇಶದ ಎಲ್ಲ ರೋಗಿಗಳ ಕಡತಗಳನ್ನು ಒಂದೇ ವಿದ್ಯುನ್ಮಾನ ಜಾಲಕ್ಕೆ ಪೋಣಿಸುವ ಮಸೂದೆಯನ್ನು ಡಚ್ ಮೇಲ್ಮನೆ ಒಮ್ಮತದಿಂದ ತಳ್ಳಿಹಾಕಿದುದು ಅಚ್ಚರಿಯೆನಿಸದು. ಭಯವೆಲ್ಲ ಹಳೆಯ ಕಾಲದ್ದೆಂದೂ ಹೇಳುವಂತಿಲ್ಲ. ಮಕ್ಕಳ ಪಾಲನೆಯ ಭತ್ಯೆಯಲ್ಲಿ ವಂಚಕರನ್ನು ಹುಡುಕುವ ಲೆಕ್ಕಾಚಾರದಲ್ಲಿ ತೆರಿಗೆ ಇಲಾಖೆ ರಾಷ್ಟ್ರೀಯತೆಯನ್ನೂ ಒಂದು ಸಂಶಯದ ಗುರುತಾಗಿ ಹಿಡಿದು, ಸಾವಿರಾರು ನಿರಪರಾಧಿ ಕುಟುಂಬಗಳನ್ನು ಸಾಲದಲ್ಲಿ ಮುಳುಗಿಸಿತು. 2021ರ ಜನವರಿಯಲ್ಲಿ ಅದಕ್ಕಾಗಿ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ‘ನಿಮ್ಮ ಮಗುವಿನ ಒಳಿತಿಗೆ’ ಎಂದು ಸರ್ಕಾರ ಒಂದು ನಮೂನೆಯನ್ನು ಮುಂದಿಟ್ಟಾಗ, ವಲಸೆ ಬಂದ ತಾಯಿ ಎರಡು ಸಲ ಯೋಚಿಸಿದರೆ ಅದು ಅವಳ ಅಜ್ಞಾನವಲ್ಲ.

ಹಾಗೆಂದು ಯಾವ ಪಟ್ಟಿಯಲ್ಲಿಯೂ ಇಲ್ಲದಿರುವುದು ಕ್ಷೇಮವೇ? ಬೈಲ್ಮರಿನಲ್ಲಿಯೇ ಇದಕ್ಕೂ ಉತ್ತರವಿದೆ. 1992ರ ಅಕ್ಟೋಬರ್ 4ರ ಸಂಜೆ ಸರಕಿನ ವಿಮಾನವೊಂದು ಅಲ್ಲಿನ ಎರಡು ಎತ್ತರದ ಕಟ್ಟಡಗಳ ಮೇಲೆ ಬಿದ್ದಿತು. ಸರ್ಕಾರದ ಲೆಕ್ಕಕ್ಕೆ ಸಿಕ್ಕ ಸಾವು 43. ಕಾಗದಪತ್ರಗಳಿಲ್ಲದೆ ಅಲ್ಲಿ ವಾಸವಾಗಿದ್ದವರು ಎಷ್ಟು ಮಂದಿ ಸತ್ತರೋ, ಕರೆಯಲು ಹೆಸರೇ ಇಲ್ಲದುದರಿಂದ, ನಿಶ್ಚಯವಾಗಲಿಲ್ಲ. ಅಂದು ಉಳಿದುಕೊಂಡ ಒಂದು ಮರವನ್ನು ಜನ ‘ಎಲ್ಲವನ್ನೂ ಕಂಡ ಮರ’ ಎಂದು ಕರೆಯುತ್ತಾರೆ. ಸ್ಮಾರಕ ಅದರ ಬುಡದಲ್ಲಿದೆ.

ಈ ಎರಡು ಭಯಗಳ ನಡುವೆ ನಗರ ತನ್ನ ಮಕ್ಕಳನ್ನು ತೂಗುತ್ತಿದೆ. ಫಲವೇನು? 2012ರಲ್ಲಿ ನೂರಕ್ಕೆ 21 ಇದ್ದುದು 2015ರ ಹೊತ್ತಿಗೆ 18.5ಕ್ಕೆ ಇಳಿಯಿತು, ಬಡ ಕುಟುಂಬಗಳ ಮಕ್ಕಳಲ್ಲಿಯೂ ಇಳಿಕೆ ಕಂಡುಬಂದಿತು. ಬೇರೆ ನಾಡುಗಳಿಂದ ಪತ್ರಕರ್ತರೂ ಮಂತ್ರಿಗಳೂ ತಂಡತಂಡವಾಗಿ ಬಂದರು. ಅವರು ಬರೆದುದರಲ್ಲಿ ಉತ್ಸಾಹ ಸ್ವಲ್ಪ ಹೆಚ್ಚೇ ಆಯಿತು. ಇಳಿಕೆ ಈ ಕಾರ್ಯಕ್ರಮದಿಂದಲೇ ಆಯಿತೆಂದು ಸಾಧಿಸುವುದು ಕಷ್ಟ. ಮನೆಬಾಡಿಗೆ ಏರಿದಂತೆ ಬಡವರು ನಗರ ಬಿಟ್ಟುಹೋದರೂ ಅಂಕಿ ಇಳಿಯುತ್ತದೆ. ಹೋಲಿಸಿ ನೋಡಲು ಕಾರ್ಯಕ್ರಮವಿಲ್ಲದ ಇನ್ನೊಂದು ಆಮ್‌ಸ್ಟರ್‌ಡಾಮ್ ಇಲ್ಲ. 2020ರಲ್ಲಿ ಮಹಾಮಾರಿ ಬಂದು ಶಾಲೆಗಳು ಮುಚ್ಚಿದಾಗ ಮಕ್ಕಳ ಓಡಾಟವೂ ನಿಂತಿತು. ತಿಂಡಿಯಂಗಡಿಗಳಂತೂ ಬೀದಿಬೀದಿಯಲ್ಲಿಯೂ ಇವೆ. ಅವನ್ನು ಮುಚ್ಚಿಸುವ ಅಧಿಕಾರ ದಾದಿಗಿಲ್ಲ.

ಆದರೂ ಕಡತದ ವಿಷಯದಲ್ಲಿ ಡಚ್ ಕಾಯಿದೆ ಒಂದು ಹದವನ್ನು ಕಂಡುಕೊಂಡಿದೆ. ಹನ್ನೆರಡು ವರ್ಷದವರೆಗೆ ಮಗುವಿನ ಪರವಾಗಿ ತಾಯ್ತಂದೆಯರು ಒಪ್ಪಿಗೆ ಕೊಡುತ್ತಾರೆ. ಹನ್ನೆರಡರಿಂದ ಹದಿನಾರರವರೆಗೆ ಅವರೂ ಮಗುವೂ ಇಬ್ಬರೂ ಒಪ್ಪಬೇಕು. ಹದಿನಾರು ತುಂಬಿದ ಮೇಲೆ ಆ ಹುಡುಗ ಅಥವಾ ಹುಡುಗಿಯ ಮಾತೇ ಕಡೆಯ ಮಾತು. ಓಟದ ಕೊನೆಯ ಗೆರೆಯೆಂದು ನಗರ ಹಾಕಿಕೊಂಡಿರುವ 2033ರಲ್ಲಿ, ಅಂಕಿ ಮೊದಲು ಇಳಿದ 2015ರಲ್ಲಿ ಬೈಲ್ಮರಿನಲ್ಲಿ ಹುಟ್ಟಿದ ಕೂಸಿಗೆ ಹದಿನೆಂಟಾಗಿರುತ್ತದೆ. ತನ್ನ ತೂಕದ ಗೆರೆಯನ್ನು ಯಾರು ನೋಡಬಹುದು, ಯಾರು ನೋಡಬಾರದು ಎಂದು ಹೇಳುವ ಹಕ್ಕು ಅದಕ್ಕೆ ಎರಡು ವರ್ಷ ಮೊದಲೇ ಬಂದಿರುತ್ತದೆ.